ಗಂಟೆಗೆ ಎಷ್ಟು ಗೆರೆ?

ಹೋದ ತಿಂಗಳು ಅಕ್ಕ ನಮ್ಮ ಮನೆಗೆ ಬಂದಿದ್ದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಓವರ್‌ಸಿಯರ್ ಅವರ ಹೆಂಡತಿ. ಚಾಪೆಯ ಮೇಲೆ ಕೂತು ಸುಧಾರಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, "ಅವರು ಹೋದರು ಕಣೇ" ಎಂದರು. ಹಾಗೇ ಮುಂದುವರಿಸಿದರು: "ಕೊನೇ ದಿವಸಾನೂ ಆ ಚಾಳಿ ಬಿಡ್ಲಿಲ್ಲ. ಎಡಗೈ ನಾಡೀನ ಬಲಗೈಲಿ ಹಿಡ್ಕೊಂಡು ಗೋಡೆ ಗಡಿಯಾರ ನೋಡ್ತಾ ಮಲಗಿದ್ರು. ಡಾಕ್ಟರು ಬಂದು ಹೇಗಿದೀರಿ ಅಂದ್ರೆ, ಹರಿವು ಕಡಿಮೆ ಆಗಿದೆ ಸಾರ್, ಆದ್ರೆ ಒಂದೇ ಸಮ ಇದೆ ಅಂದ್ರು."

ನಗಬಾರದ ಹೊತ್ತಿನಲ್ಲಿ ನನಗೆ ನಗು ಬಂತು. ಅಕ್ಕನಿಗೂ ಬಂತು. ಆ ಮನುಷ್ಯನ ವಿಷಯದಲ್ಲಿ ನನಗೆ ಯಾವತ್ತೂ ಹೀಗೆಯೇ ಆಗಿದೆ.

ನಾನು ಮದುವೆಯಾಗಿ ಅರಸೀಕೆರೆಗೆ ಬಂದದ್ದು ಯುದ್ಧದ ಕಾಲದಲ್ಲಿ. ನನ್ನ ಯಜಮಾನರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ಗಂಡಸಿ ಊರಿನ ಕಡೆಯಿಂದ ಬಂದ ನಮ್ಮ ಅತ್ತೆ. ಹಿತ್ತಲ ಗೋಡೆಯ ಆಚೆ ಹುಡುಗರ ಹಾಸ್ಟೆಲ್. ಪಕ್ಕದಲ್ಲಿ ಈ ಓವರ್‌ಸಿಯರ್. ಊರಿನ ಚರಂಡಿ, ಕಕ್ಕಸು, ಹಾಸ್ಟೆಲಿನ ಮಲದ ತೊಟ್ಟಿ ಎಲ್ಲ ಅವರ ಉಸ್ತುವಾರಿ. ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಖಾಕಿ ಚಡ್ಡಿ, ನೆತ್ತಿಯ ಹತ್ತಿರ ತೂತು ಬಿದ್ದ ಹ್ಯಾಟು, ಕೋಟಿನ ಗುಂಡಿಗೆ ಹುರಿ ಕಟ್ಟಿ ಜೇಬಿಗಿಳಿಸಿದ ಗಡಿಯಾರ. ದೂರದಿಂದ ದೊರೆಯಂತೆ ಕಾಣುತ್ತಿದ್ದರು. ಹತ್ತಿರ ಬಂದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಏಕೆಂದರೆ ಅವರ ಮೂಗು ಎಂದೋ ಕೆಲಸ ನಿಲ್ಲಿಸಿತ್ತು. ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಅಕ್ಕ ಹೇಳುತ್ತಿದ್ದರು, "ಸಾರು ಹಳಸಿದ್ರೂ ಗೊತ್ತಾಗಲ್ಲ, ಬಡಿಸಿದ್ದನ್ನ ಉಂಡು ಎದ್ದೋಗ್ತಾರೆ. ಇಂಥಾ ಗಂಡ ಎಷ್ಟು ಜನಕ್ಕೆ ಸಿಗ್ತಾರೆ ಹೇಳು." ಆದರೆ ಅದೇ ಅಕ್ಕ, ಗಂಡ ಕೆಲಸದಿಂದ ಬಂದರೆ ಹಿತ್ತಲಿನಲ್ಲೇ ನಿಲ್ಲಿಸಿ, ತಲೆಯ ಮೇಲೆ ನೀರು ಹೊಯ್ದ ಮೇಲೆಯೇ ಒಳಗೆ ಬಿಡುತ್ತಿದ್ದರು. ಸಿಹಿನೀರಿಗೆ ನಮ್ಮ ಬೀದಿಯವರೆಲ್ಲ ತೆಂಗಿನ ತೋಟದ ಬಾವಿಯವರೆಗೆ ನಡೆಯಬೇಕಿತ್ತು. ಬೆಳಿಗ್ಗೆ ಸಂಜೆ ಕೊಡ ಹೊತ್ತು ಹೊತ್ತು ನನ್ನ ಸೊಂಟದಲ್ಲಿ ಕೊಡದ ಗುರುತೇ ಬಿದ್ದಿತ್ತು. ಅಂಥ ನೀರಿನಲ್ಲಿ ಅಕ್ಕನ ಗಂಡನಿಗೆ ದಿನಕ್ಕೆರಡು ಸ್ನಾನ.

ಓವರ್‌ಸಿಯರ್ ಅವರಿಗೆ ಒಂದೇ ಹುಚ್ಚು: ಹರಿವು. "ಎಷ್ಟಿದೆ ಅಂತ ಕೇಳಬೇಡಿ. ಎಷ್ಟು ಹೊತ್ತಿಗೆ ಎಷ್ಟು ಬರುತ್ತೆ ಅಂತ ಕೇಳಿ" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕಾಫಿಗೆ ಕರೆದರೆ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುವುದನ್ನು ಗಡಿಯಾರ ಹಿಡಿದು ನೋಡುವರು. ಹಾಲಿನವನು ಹಸು ಕರೆಯುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುವರು; ಹಸು ಬೆದರಿ ಒದ್ದದ್ದೂ ಉಂಟು. ನಮ್ಮ ಅತ್ತೆ ನನ್ನನ್ನು ಬೈಯುತ್ತಿದ್ದಾಗ ಗೋಡೆಯ ಆಚೆಯಿಂದ, "ದೊಡ್ಡಮ್ಮ, ಇವತ್ತು ಒಂದೇ ಸಮ ಇಲ್ಲ, ನಡುನಡುವೆ ನಿಂತೋಗ್ತಿದೆ" ಎಂದು ಕೂಗಿ ಹೇಳಿದ್ದರು. ಅತ್ತೆಗೆ ಕೋಪ ಎಲ್ಲಿ ತೋರಿಸಬೇಕೆಂದು ತಿಳಿಯದೆ ಬೈಗುಳವೇ ನಿಂತಿತು. ಅಂದಿನಿಂದ ನನ್ನ ಪಾಲಿಗೆ ಅವರು ಅಣ್ಣನ ಹಾಗೆ. ಅವರೂ ನನ್ನನ್ನು ತಂಗ್ಯಮ್ಮ ಎಂದೇ ಕರೆದರು.

ಒಂದು ಸಲ ನಮ್ಮನ್ನೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋದರು. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳು. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ, ಅದರಲ್ಲಿ ಇದ್ದಿಲು. ಜಾವಗಲ್ ದಾಟಿ ಏರು ಸಿಕ್ಕಿದಾಗ ಬಸ್ಸು ನಿಂತೇಬಿಟ್ಟಿತು. ಓವರ್‌ಸಿಯರ್ ಇಳಿದುಹೋಗಿ ಡ್ರೈವರನಿಗೆ ಗ್ಯಾಸಿನ ಹರಿವಿನ ಬಗ್ಗೆ ಪಾಠ ಶುರು ಮಾಡಿದರು. ಅವನು ಬೆವರು ಒರೆಸಿಕೊಳ್ಳುತ್ತಾ, "ನೀವು ಹೇಳಾದೆಲ್ಲಾ ದಿಟ ಸಾಮಿ. ಈಗ ಹಿಂದ್ಕೋಗಿ ವಸಿ ತಳ್ಳಿ, ತಾನೇ ಹರೀತೈತೆ" ಎಂದ. ಎಲ್ಲರೂ ತಳ್ಳಿದೆವು. ಹಳೇಬೀಡಿನಲ್ಲಿ ನಾವು ಗೋಡೆಯ ಶಿಲ್ಪ ನೋಡುತ್ತಿದ್ದರೆ, ಇವರು ಅಭಿಷೇಕದ ನೀರು ಹೊರಗೆ ಬೀಳುವ ಕಡೆ ಕೊಡ ಒಂದನ್ನು ಎರವಲು ತಂದು ಇಟ್ಟು ನಿಂತಿದ್ದರು. ಹತ್ತಿರದ ಹುಲಿಕೆರೆಯ ಕೊಳ ನೋಡಿದ ಮೇಲಂತೂ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು. "ನೋಡಿ ತಂಗ್ಯಮ್ಮ, ಇದಕ್ಕಿಂತ ದೊಡ್ಡ ಅಳತೆಗೋಲು ಎಲ್ಲಿದೆ. ಒಂದೊಂದು ಮೆಟ್ಟಿಲೂ ಒಂದೊಂದು ಗೆರೆ. ನಿನ್ನೆ ಎಷ್ಟನೇ ಮೆಟ್ಟಿಲು, ಇವತ್ತು ಎಷ್ಟನೇದು, ಅಷ್ಟು ನೋಡಿದ್ರೆ ಸಾಕು." ಆ ಕೊಳವನ್ನು ಕಟ್ಟಿಸಿದವರೂ ಅದನ್ನು ಹಾಗೆ ನೋಡಿದ್ದರೋ ಇಲ್ಲವೋ, ನನಗೆ ಮಾತ್ರ ಮುಂದೆ ಯಾವ ಕೊಳ ಕಂಡರೂ ಹಾಗೆಯೇ ಕಾಣುತ್ತದೆ.

ಈ ಗೆರೆಯ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ಹರೆಯದಲ್ಲಿ ಬೊಂಬಾಯಿಯಲ್ಲಿ ಕೆಲಸಕ್ಕಿದ್ದಾಗ, ಮಲದ ತೊಟ್ಟಿಯಿಂದ ಏಳುವ ಗ್ಯಾಸಿನಿಂದ ದೀಪ ಉರಿಸುವುದನ್ನೂ ಇಂಜಿನ್ ಓಡಿಸುವುದನ್ನೂ ಕಂಡಿದ್ದರಂತೆ. ಇಲ್ಲಿಯೂ ಹಾಸ್ಟೆಲಿನ ತೊಟ್ಟಿಗೆ ಗಾಳಿಯಾಡದ ಹಾಗೆ ಮುಚ್ಚಳ ಹಾಕಿಸಿ, ಅದರಿಂದ ಒಂದು ಕೊಳವೆ ಎಳೆದರು. ಕೊಳವೆಯ ತುದಿಯಲ್ಲಿ ನೀರು ತುಂಬಿದ ಬಾನಿ, ಬಾನಿಯೊಳಗೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸು ಬಂದ ಹಾಗೆ ಡ್ರಮ್ಮು ಮೇಲೇಳುತ್ತದೆ. ಡ್ರಮ್ಮಿನ ಮೈಮೇಲೆ ಕೆಂಪು ಬಣ್ಣದ ಗೆರೆಗಳು. ಗಂಟೆಗೆ ಎಷ್ಟು ಗೆರೆ ನೀರಿನಿಂದ ಮೇಲೆ ಬಂತು ಎನ್ನುವುದೇ ಲೆಕ್ಕ. ಸಾಕಷ್ಟು ಏರಿದರೆ ಒಂದು ಹಳೆಯ ಇಂಜಿನ್ ಮಂಜೂರಾಗುತ್ತದೆ. ಇಂಜಿನ್ ಬಂದರೆ ತೋಟದ ಬಾವಿಯ ನೀರು ಮೇಲೆತ್ತಿ ನಮ್ಮ ಬೀದಿಯ ತುದಿಗೆ ನಲ್ಲಿ. ಸೀಮೆಎಣ್ಣೆಯೇ ಸಿಗದ ಕಾಲದಲ್ಲಿ ಎಣ್ಣೆಯಿಲ್ಲದೆ ಓಡುವ ಇಂಜಿನ್. ಬೀದಿಯ ಹೆಂಗಸರೆಲ್ಲ ಡ್ರಮ್ಮಿನ ಕಡೆ ಭಕ್ತಿಯಿಂದ ನೋಡತೊಡಗಿದೆವು.

ನಮ್ಮ ಅತ್ತೆ ಒಬ್ಬರನ್ನು ಬಿಟ್ಟು. ಹಾಸ್ಟೆಲ್ ಆವರಣದಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡಂತೆ ಒಂದು ಹೊಂಗೆ ಮರವಿತ್ತು. ಅತ್ತೆ ಮೊದಲಿನಿಂದಲೂ ಸಂಜೆ ಹೊತ್ತು ಅಲ್ಲಿ ಕೂತು ರುದ್ರಾಕ್ಷಿ ಮಾಲೆ ಎಣಿಸುತ್ತಿದ್ದರು. ಓವರ್‌ಸಿಯರ್ ಡ್ರಮ್ಮು ಇಟ್ಟದ್ದು ಸರಿಯಾಗಿ ಅದರ ಎದುರಿಗೆ. "ಜಪಕ್ಕೆ ಕುಂತ್ರೆ ಕಣ್ಣೆದುರಿಗೆ ಇದಾ ನೋಡ್ಬೇಕಾದ್ದು" ಎಂದು ಅತ್ತೆ ಗೊಣಗಿದರು. ಜಾಗ ಮಾತ್ರ ಬಿಡಲಿಲ್ಲ. ಮೊದಲು ಬಂದವರು ತಾವು, ಏಳಬೇಕಾದರೆ ಡ್ರಮ್ಮು ಏಳಲಿ ಎಂಬುದು ಅವರ ವಾದ.

ಡ್ರಮ್ಮಿಗೆ ಒಂದು ಸಣ್ಣ ಒಲೆಯನ್ನೂ ಜೋಡಿಸಿದ್ದರು. ನೀಲಿಯಾಗಿ, ಹೊಗೆಯಿಲ್ಲದೆ ಉರಿಯುತ್ತಿತ್ತು. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿದ್ದ ನನಗೆ ಅದನ್ನು ಕಂಡು ಆಸೆಯಾಯಿತು. ಓವರ್‌ಸಿಯರ್ ಅದರ ಮೇಲೆ ನೀರು ಕಾಯಿಸಿ, ಕಾಫಿ ಮಾಡಿ, ಎಲ್ಲರನ್ನೂ ಕರೆದರು. ಯಾರೂ ಕುಡಿಯಲಿಲ್ಲ. ಅಕ್ಕ ಗೋಡೆಯ ಈಚೆಯಿಂದಲೇ, "ನಮ್ಮನೆ ಪಾತ್ರೆ ತಗೊಂಡು ಹೋಗಿದ್ರೆ ಅಲ್ಲೇ ಇಟ್ಕೊಳ್ಳಿ, ಒಳಗೆ ತರಬೇಡಿ" ಎಂದರು. ನಾನು ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಅತ್ತೆ ನನ್ನನ್ನು ನೋಡಿದರು. ಕೈ ಹಿಂದಕ್ಕೆ ಬಂತು.

"ಬೆಂಕಿಗೆ ಮೈಲಿಗೆ ಏನು ದೊಡ್ಡಮ್ಮ" ಎಂದರು ಓವರ್‌ಸಿಯರ್.

"ಬೆಂಕಿಗಿಲ್ಲ ಕಣಪ್ಪ. ಅದು ಎಲ್ಲಿಂದ ಬಂತು ಅನ್ನಾದು ನಂಗೊತ್ತೈತಲ್ಲ, ಅದಕ್ಕೈತೆ."

ಅವರು ನಕ್ಕುಬಿಟ್ಟರು. ಆದರೆ ಆ ಲೋಟಗಳನ್ನೆಲ್ಲ ಒಂದೊಂದಾಗಿ ತಾವೇ ಕುಡಿದು ಮುಗಿಸಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಇಂಜಿನ್ ಏನು, ಕಬ್ಬಿಣ, ಕೊಟ್ಟದ್ದು ಕುಡಿಯುತ್ತೆ. ದೊಡ್ಡಮ್ಮ ಒಂದು ಲೋಟ ಕುಡೀಬೇಕು. ಅವತ್ತು ಈ ಗ್ಯಾಸು ನಿಜ." ಆಗ ಅವರ ಮುಖದಲ್ಲಿ ನಗು ಇರಲಿಲ್ಲ.

ಕೊನೆಗೆ ಬೆಂಗಳೂರಿನಿಂದ ದೊಡ್ಡ ಇಂಜಿನಿಯರು ಬಂದು ತಾವೇ ಅಳೆದು ನೋಡುತ್ತಾರೆ ಎಂದು ಸುದ್ದಿ ಬಂತು. ಊರಿಗೆ ದೊಡ್ಡ ಆಫೀಸರು ಬರುತ್ತಾರೆಂದರೆ ನಮ್ಮ ಕಡೆ ಸುಮ್ಮನಿರುವುದುಂಟೇ. ಹಾಸ್ಟೆಲಿನ ವಾರ್ಡನ್ನು ಸಂಭಾವಿತರು, ಅತಿಥಿಸತ್ಕಾರದಲ್ಲಿ ಎತ್ತಿದ ಕೈ. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ತಟ್ಟೆಯಲ್ಲಿ ಹಾರ, ಎಳನೀರು. ಓವರ್‌ಸಿಯರ್ ಇಂಜಿನಿಯರು ಬರುವ ತನಕ ಡ್ರಮ್ಮಿನ ತಿರುಪು ಮುಚ್ಚಿಟ್ಟು, ಕೊಳವೆಯ ಕೀಲುಗಳಿಗೆಲ್ಲ ಸೋಪಿನ ನೊರೆ ಬಳಿದು, ಎಲ್ಲಾದರೂ ಗುಳ್ಳೆ ಏಳುತ್ತದೆಯೇ, ಗ್ಯಾಸು ಸೋರುತ್ತದೆಯೇ ಎಂದು ನೋಡುತ್ತಾ ದಿನವೆಲ್ಲ ಮೊಣಕಾಲೂರಿಯೇ ಇದ್ದರು.

ಇಂಜಿನಿಯರು ಬಂದರು. ಹಾರ ಹಾಕಿಸಿಕೊಂಡರು, ಎಳನೀರು ಕುಡಿದರು, ತೊಟ್ಟಿಯ ಹತ್ತಿರ ಬಂದು ನಿಂತರು. ನಾವು ಹೆಂಗಸರು ಗೋಡೆಯ ಹತ್ತಿರ, ಅತ್ತೆ ಹೊಂಗೆ ಮರದ ಕೆಳಗೆ. ಓವರ್‌ಸಿಯರ್ ಡ್ರಮ್ಮನ್ನು ತಳಕ್ಕೆ ಇಳಿಸಿ, ಕೊಳವೆಯ ತಿರುಪು ತಿರುಗಿಸಿ, ಗಡಿಯಾರ ಕೈಗೆ ತೆಗೆದುಕೊಂಡರು.

ಡ್ರಮ್ಮು ಏಳಲಿಲ್ಲ.

ಅವರು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು, ಓಡುತ್ತಿತ್ತು. ಡ್ರಮ್ಮನ್ನು ಬೆರಳಿನಿಂದ ತಟ್ಟಿದರು. ಮತ್ತೆ ಸೋಪು ಬಳಿದರು. ಡ್ರಮ್ಮು ಊಟ ಮಾಡಿ ಮಲಗಿದ ಎಮ್ಮೆಯ ಹಾಗೆ ಕೂತೇ ಇತ್ತು. ವಾರ್ಡನ್ನರು ಅವರ ಕಿವಿಯಲ್ಲಿ ಏನೋ ಉಸುರಿದರು. ಸೈಕಲ್ ಪಂಪು ತರಿಸಲೇ ಎಂದು ಕೇಳಿದರಂತೆ. ಓವರ್‌ಸಿಯರ್ ತಲೆಯಾಡಿಸಿ, "ಗಾಳಿ ತುಂಬಿದ್ರೆ ಡ್ರಮ್ಮು ಏಳುತ್ತೆ ಸ್ವಾಮಿ, ಬಾವಿ ನೀರು ಏಳುತ್ತಾ" ಎಂದರು. ಆಮೇಲೆ ಇಂಜಿನಿಯರ ಕಡೆ ತಿರುಗಿ, ಹ್ಯಾಟು ತೆಗೆದು, "ಸೊನ್ನೆ ಸಾರ್. ಯಾಕೆ ಅಂತ ನನಗೆ ಗೊತ್ತಿಲ್ಲ" ಎಂದರು. ಅವರ ತಲೆ ಅಷ್ಟು ಬೋಳಾಗಿದೆ ಎಂದು ನನಗೆ ಅವತ್ತೇ ತಿಳಿದದ್ದು. ನನಗೆ ಅಳು ಬಂತು. ನಲ್ಲಿಗಾಗಿಯೋ ಅವರಿಗಾಗಿಯೋ ಹೇಳಲಾರೆ.

ಆಗ ವಾರ್ಡನ್ನರು, ಆದದ್ದಾಗಲಿ, ಮರ್ಯಾದೆಯನ್ನಾದರೂ ಉಳಿಸಿಕೊಳ್ಳೋಣ ಎಂಬಂತೆ, "ಆದರೆ ಸಾರ್, ಸ್ವಲ್ಪವಾದ್ರೂ ವಾಸನೆ ಇದೆಯಾ ನೋಡಿ" ಎಂದರು.

ಮರದ ಕೆಳಗಿನಿಂದ ಅತ್ತೆ ಹೇಳಿದರು, "ಎಲ್ಲೈತೆ ಅದರ ವಾಸ್ನೆ. ಫಿನಾಯಿಲು ನಾಕು ದಿನದಿಂದ ಆಸ್ಪತ್ರೆ ಹಂಗೆ ಗಮ್ ಅಂತೈತೆ. ಜಪಕ್ಕೆ ಕುಂತರೆ ತಲೆನೋವು."

ಓವರ್‌ಸಿಯರ್ ನಿಧಾನವಾಗಿ ವಾರ್ಡನ್ನರ ಕಡೆ ತಿರುಗಿದರು. "ಫಿನಾಯಿಲು ಹಾಕಿಸಿದ್ರಾ?"

"ಬ್ಲೀಚಿಂಗ್ ಪೌಡರೂ ಹಾಕಿಸಿದೀನಿ. ಎಲ್ಲಾ ಕಕ್ಕಸಿಗೂ, ತೊಟ್ಟಿಗೂ. ದೊಡ್ಡೋರು ಬರ್ತಾರೆ ಅಂದ್ಮೇಲೆ ಹಾಗೇ ಬಿಡೋಕ್ಕಾಗುತ್ತಾ?" ಎಂದರು ವಾರ್ಡನ್ನು, ಶಹಭಾಸ್‌ಗಿರಿ ನಿರೀಕ್ಷಿಸುತ್ತಾ.

ಇಡೀ ಬೀದಿಗೆ ಬಡಿಯುತ್ತಿದ್ದ ಆ ವಾಸನೆ ಓವರ್‌ಸಿಯರ್ ಒಬ್ಬರಿಗೇ ತಿಳಿದಿರಲಿಲ್ಲ. ತೊಟ್ಟಿಯಲ್ಲಿ ಕೊಳೆಸಿ ಗ್ಯಾಸು ಮಾಡುವ ಕಣ್ಣಿಗೆ ಕಾಣದ ಹುಳುಗಳು ಇರುತ್ತವಂತೆ; ಫಿನಾಯಿಲು ಅವನ್ನೆಲ್ಲ ಕೊಂದಿತ್ತು. ಅವರು ವಾರ್ಡನ್ನರನ್ನು ಬೈಯಲಿಲ್ಲ. ಬಾನಿಯ ಅಂಚಿನ ಮೇಲೆ ಕೂತು, ಬಿಕ್ಕಳಿಕೆ ಬರುವ ತನಕ ನಕ್ಕರು. "ಅಳತೆ ಸರಿಯಾಗಿಯೇ ಇದೆ ಸಾರ್. ಇದು ನಿಮಗೆ ಮಾಡಿದ ಮರ್ಯಾದೆಯ ಅಳತೆ."

ಇಂಜಿನಿಯರಿಗೂ ನಗು ತಡೆಯಲಾಗಲಿಲ್ಲ. "ನಾನು ಎಷ್ಟೋ ಊರು ನೋಡಿದೀನಿ. ಎಲ್ಲಾ ಊರಲ್ಲೂ ಇದೇ ವಾಸನೆ. ಊರುಗಳ ವಾಸನೆಯೇ ಹೀಗಿರುತ್ತೆ ಅಂದ್ಕೊಂಡಿದ್ದೆ ನಾನು" ಎಂದರು. ಹೊರಡುವ ಮುನ್ನ ಗಂಭೀರವಾದರು. ಇರುವುದು ಒಂದೇ ಇಂಜಿನ್, ಕೇಳುವ ಊರು ಇನ್ನೊಂದಿದೆ. ಬೇಸಿಗೆಗೆ ಮುಂಚೆ ಇನ್ನೊಂದು ಸಲ ಬರುತ್ತೇನೆ, ಆದರೆ ಹೇಳದೆ ಬರುತ್ತೇನೆ. ಆಗಲೂ ಡ್ರಮ್ಮು ಏಳದಿದ್ದರೆ ಇಂಜಿನ್ ಆ ಊರಿಗೆ ಎಂದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು. ಓವರ್‌ಸಿಯರ್ ತೊಟ್ಟಿಯನ್ನು ಬಾಣಂತಿಯ ಹಾಗೆ ನೋಡಿಕೊಂಡರು. ಹಳೆಯ ಸಗಣಿ ಗುಂಡಿಯ ಬಗ್ಗಡ ತಂದು ಹೊಯ್ಸಿದರು, ಬೆಳಿಗ್ಗೆ ಸಂಜೆ ಹೋಗಿ ಮುಚ್ಚಳಕ್ಕೆ ಕಿವಿಯಿಟ್ಟು ಕೇಳಿದರು. ಅತ್ತೆಯೂ ಕೇಳುವರು, "ಹೆಂಗವ್ರೆ ನಿಮ್ಮ ರೋಗಿ?" ವಾರ್ಡನ್ನರ ಕೈಯಿಂದ ಫಿನಾಯಿಲಿನ ಡಬ್ಬ ಕಸಿದು ಅಕ್ಕನ ಅಟ್ಟದ ಮೇಲೆ ಇಡಲಾಯಿತು. ಸ್ಟೇಷನ್ನಿನಲ್ಲಿ ಹ್ಯಾಟು ಹಾಕಿದವರು ಯಾರು ಇಳಿದರೂ ನಮ್ಮ ಯಜಮಾನರು ಸುದ್ದಿ ಕಳಿಸುವ ಏರ್ಪಾಡು. ಒಮ್ಮೆ ಯಾರೋ ಒಬ್ಬ ಇನ್ಷೂರೆನ್ಸ್ ಏಜೆಂಟನನ್ನು ಹಿಡಿದು ತಂದು ತೊಟ್ಟಿ ತೋರಿಸಿದ್ದೂ ಆಯಿತು; ಆತ ಹೇಗೋ ತಪ್ಪಿಸಿಕೊಂಡು ಹೋದ. ತೊಟ್ಟಿಗೆ ಮೆಲ್ಲಗೆ ಜೀವ ಬಂತು. ಮೊದಲು ಅರ್ಧ ಗೆರೆ, ಆಮೇಲೆ ಒಂದು, ಆಮೇಲೆ ಮೊದಲಿನ ಹಾಗೆ.

ಬೇಸಿಗೆ ಹತ್ತಿರ ಬಂತು, ಇಂಜಿನಿಯರ ಸುಳಿವಿಲ್ಲ. ಬೇಲೂರಿನಲ್ಲಿ ಅಕ್ಕನ ತಂಗಿಯ ಮಗಳ ಮದುವೆ. ಹೋಗದಿದ್ದರೆ ಅಕ್ಕ ಬಿಡುವವರಲ್ಲ. ಒಂದೇ ದಿನ ಎಂದು ಓವರ್‌ಸಿಯರ್ ಒಲ್ಲದ ಮನಸ್ಸಿನಿಂದ ಬಸ್ಸು ಹತ್ತಿದರು. ಸ್ಟೇಷನ್ನಿನ ಕಡೆ ಕಣ್ಣಿಟ್ಟಿರಲು ನಮ್ಮ ಯಜಮಾನರಿಗೆ ಹತ್ತು ಸಲ ಹೇಳಿದ್ದರು. ಇಂಜಿನಿಯರು ರೈಲಿನಲ್ಲಿ ಬರಲಿಲ್ಲ. ಬೇಲೂರಿನ ಕಡೆಯಿಂದ ಬಸ್ಸಿನಲ್ಲಿ ಬಂದರು. ಜಾವಗಲ್ಲಿನ ಏರಿನ ಹತ್ತಿರ ಆ ಎರಡು ಬಸ್ಸುಗಳು ಎದುರುಬದುರಾಗಿರಬೇಕು.

ಮಧ್ಯಾಹ್ನ ಇಳಿಯುವ ಹೊತ್ತು. ನಾನು ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದೆ. ಇಂಜಿನಿಯರು ಒಬ್ಬರೇ, ಧೂಳು ಹಿಡಿದ ಬಟ್ಟೆಯಲ್ಲಿ ಬಂದು, ಯಾರನ್ನೂ ಕೇಳದೆ ಡ್ರಮ್ಮು ಇಳಿಸಿ, ಕೈಗಡಿಯಾರ ನೋಡುತ್ತಾ ನಿಂತರು. ಮರದ ಕೆಳಗೆ ಅತ್ತೆ ಮಾಲೆ ಹಿಡಿದು ಕೂತಿದ್ದರು. ಅವರು ಕಣ್ಣು ಬಿಟ್ಟು, "ನಿಂತ್ಕಂಡು ಕಾಲು ನೋಯಿಸ್ಕಬ್ಯಾಡಿ. ನಾನು ಈ ಮಾಲೆ ಒಂದು ಸುತ್ತು ಮುಗಿಸೋ ಹೊತ್ಗೆ ಗೆರೆ ದಾಟ್ತದೆ" ಎಂದು ಮತ್ತೆ ಕಣ್ಣು ಮುಚ್ಚಿದರು.

ಮಣಿಗಳು ತಿರುಗಿದವು. ಡ್ರಮ್ಮು ಮೆಲ್ಲಗೆ ಎದ್ದಿತು. ಅತ್ತೆ ಕೊನೆಯ ಮಣಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಾಗ ಕೆಂಪು ಗೆರೆ ನೀರಿನಿಂದ ಮೇಲೆ ಬಂತು.

"ದಿನಾ ಹೀಗೇನಾ ಅಮ್ಮ?" ಎಂದರು ಇಂಜಿನಿಯರು.

"ದಿನಾ ಹಿಂಗೇಯ. ನೀವು ಬಂದೀರಿ ಅಂತ ಏನು ಏರ್ತಿಲ್ಲ ಅದು."

ಇಂಜಿನಿಯರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. "ಅದೇ ನನಗೆ ಬೇಕಾಗಿದ್ದದ್ದು" ಎಂದರು. ಇಂಜಿನ್ ಕಳಿಸುತ್ತೇನೆ ಎಂದು ಅಲ್ಲೇ ಮಾತು ಕೊಟ್ಟರು. ಹೊರಟವರನ್ನು ಅತ್ತೆ ತಡೆದರು. ಬಾಯಾರಿ ಬಂದವರನ್ನು ಹಾಗೇ ಕಳಿಸುವುದು ಅವರಿಂದ ಆಗದ ಕೆಲಸ. ನನ್ನನ್ನು ಕರೆದು, "ಕಾಫಿ ಇಡು ಕಣೇ" ಎಂದರು. ನಾನು ಮನೆಯ ಕಡೆ ತಿರುಗಿದೆ. "ಅಲ್ಲಿಗ್ಯಾಕೆ ಹೋಯ್ತೀಯಾ? ಸೌದೆ ಹತ್ತೋ ಹೊತ್ಗೆ ಅವರ ಬಸ್ಸು ಹೋಗೋಯ್ತದೆ. ಇಲ್ಲೇ ಇಡು."

ನಾನು ಡ್ರಮ್ಮಿನ ಒಲೆಯ ಮೇಲೇ ಇಟ್ಟೆ.

ಮರುದಿನ ಓವರ್‌ಸಿಯರ್ ಬೇಲೂರಿನಿಂದ ಬಂದರು. ಬಸ್ ಸ್ಟ್ಯಾಂಡಿನಲ್ಲೇ ವಾರ್ಡನ್ನರು ಅವರನ್ನು ತಬ್ಬಿ ಎಲ್ಲವನ್ನೂ ಹೇಳಿದ್ದರು. ಮನೆಗೂ ಹೋಗದೆ ನೇರ ನಮ್ಮ ಜಗುಲಿಗೆ ಬಂದು ನಿಂತರು, ಹ್ಯಾಟು ಕಂಕುಳಲ್ಲಿ. ಇಂಜಿನ್ ಬರುತ್ತೆ, ನಲ್ಲಿ ಬರುತ್ತೆ ಎಂದು ನಾನು ಸಂಭ್ರಮದಿಂದ ಶುರುಮಾಡಿದರೆ ಕೈಯೆತ್ತಿ ತಡೆದರು.

"ಅದಿರಲಿ ತಂಗ್ಯಮ್ಮ. ಆ ಕಾಫೀನ ದೊಡ್ಡಮ್ಮ ಕುಡಿದ್ರಾ?"

ಒಳಗಿನಿಂದ ಅತ್ತೆಯ ದನಿ ಬಂತು. "ಕುಡಿದೆ ಕಣಪ್ಪ. ಇನ್ನೊಂದು ಲೋಟಾನೂ ಹಾಕಿಸ್ಕಂಡೆ."

ಅವರು ಜಗುಲಿಯ ಮೇಲೆ ಕುಸಿದು ಕೂತರು. ಹರಿವಿನ ಮಾತಿಲ್ಲ, ಗಡಿಯಾರವಿಲ್ಲ. ಹ್ಯಾಟನ್ನು ಮುಖಕ್ಕೆ ಹಿಡಿದುಕೊಂಡರು. ಅದರ ತೂತಿನಲ್ಲಿ ಅವರ ಒದ್ದೆಯಾದ ಕಣ್ಣು ನನಗೆ ಕಾಣಿಸುತ್ತಿತ್ತು. ಪಕ್ಕದ ಜಗುಲಿಯಿಂದ ಅಕ್ಕ, ಮದುವೆಯ ಸೀರೆಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡವರು, "ಆಯ್ತು ಬನ್ನಿ, ನಾಳೆಯಿಂದ ನಮ್ಮನೆ ಹಾಲೂ ಅಲ್ಲೇ ಕಾಯಿಸ್ತೀನಿ. ಸ್ನಾನ ಮಾತ್ರ ತಪ್ಪಲ್ಲ" ಎಂದರು.

ನಲ್ಲಿಗೆ ನೀರು ಬಂತು. ನನ್ನ ಸೊಂಟಕ್ಕೆ ಬಿಡುವಾಯಿತು. ಮರುವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ನಾವೂ ಊರೂರು ಸುತ್ತಿ ಇಲ್ಲಿ ನೆಲೆಯಾದೆವು. ಅತ್ತೆ ಈಗಿಲ್ಲ. ಅವರ ಮಾಲೆ ನನ್ನ ಹತ್ತಿರ ಇದೆ.

ಹೋದ ತಿಂಗಳು ಅಕ್ಕ ಸುದ್ದಿ ಹೇಳಿದ ಮೇಲೆ ನಾನು ಎದ್ದು ಕಾಫಿಗೆ ಇಟ್ಟೆ. ಈಗ ಮನೆಗೆ ಸಿಲಿಂಡರಿನ ಗ್ಯಾಸು ಬಂದಿದೆ, ಅದೇ ನೀಲಿ ಉರಿ. ಅಕ್ಕ ಅಡಿಗೆಮನೆಯ ಬಾಗಿಲಿಗೆ ಬಂದು ಒರಗಿ ನಿಂತು, ಹಾಲು ಉಕ್ಕಿ ಬರುವವರೆಗೆ ನೋಡುತ್ತಲೇ ಇದ್ದರು.

"ಎಷ್ಟು ಹೊತ್ತಾಯ್ತು?" ಎಂದು ಕೇಳಿದರು.

ಇಬ್ಬರೂ ಗಡಿಯಾರ ನೋಡಿರಲಿಲ್ಲ. ನೋಡುತ್ತಿದ್ದ ಒಬ್ಬರು ಇರಲಿಲ್ಲ. ನಾವು ನಗುತ್ತಾ ಶುರುಮಾಡಿದ್ದು ಅಳುವಾಯಿತು. ಆಮೇಲೆ ಅಕ್ಕ ಕಾಫಿ ಕುಡಿದು, ಲೋಟವನ್ನು ನನ್ನ ಮುಂದೆ ಚಾಚಿ, "ಇನ್ನೊಂದು ಲೋಟ ಹಾಕು ಕಣೇ" ಎಂದರು.